ಕೆಂಚಮ್ಮನ ಮನೆ

“ಯಾರೇ ಕೇಳಲಿ ಸ್ವಾಮಿ, ಕೆಂಚಮ್ಮನ ಮನೆ ಅನ್ನಿ. ನಮ್ದು ಅಂತ ಮಾತ್ರ ಬಾಯಿ ಬಿಡಬೇಡಿ,” ಎಂದಳು ಮನೆ ಮಾರಿದ ಸುವರ್ಣಮ್ಮ, ಬೀಗದಕೈ ಕೊಡುತ್ತ.

ಶಿವಮೊಗ್ಗದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ವಿಷ್ಣುಪ್ರಸಾದನಿಗೆ ನಗು ತಡೆಯಲಾಗಲಿಲ್ಲ. “ರಿಜಿಸ್ಟರ್ ಆಗಿರೋದು ನನ್ನ ಹೆಸರಿಗೆ ಕಣಮ್ಮ, ಕೆಂಚಮ್ಮನ ಹೆಸರಿಗಲ್ಲ!” ಮಲವಗೊಪ್ಪದಾಚೆ, ಕಬ್ಬಿನ ಗದ್ದೆಗಳ ನಡುವಿನ ಆ ಹಳೆಯ ತೋಟದ ಮನೆ ಅಷ್ಟು ಸಲೀಸಾಗಿ ಕೈಗೆ ಬಂದದ್ದೇಕೆ ಎಂದು ಯೋಚಿಸುವ ವ್ಯವಧಾನ ಈ ಪುಣ್ಯಾತ್ಮನಿಗೆ ಇರಲಿಲ್ಲ.

ಸುವರ್ಣಮ್ಮ ಹಳೆಯ ಕತೆಯನ್ನು ದನಿ ತಗ್ಗಿಸಿ ಹೇಳಿದ್ದಳು. ಮನೆ ಕಟ್ಟಿಸಿದವನು ಅವಳ ಗಂಡನ ಮುತ್ತಜ್ಜ ಭೈರಪ್ಪ. ತಮ್ಮ ಸತ್ತ ಮೇಲೆ ತಮ್ಮನ ಹೆಂಡತಿ ಕೆಂಚಮ್ಮನನ್ನು, “ಇದು ನನ್ನ ಮನೆ, ನೀನ್ಯಾರೋ ಗೊತ್ತಿಲ್ಲ” ಎಂದು ಮಕ್ಕಳ ಸಮೇತ ಹೊರಹಾಕಿದ. ಅವಳು ಅದೇ ಮನೆಯ ಒಲೆಬೂದಿಗೆ ತನ್ನ ಕೂದಲು ಬೆರೆಸಿ, ಮಾಟ ಮಾಡಿಸಿ, ಜಗಲಿಯ ಕಂಬದ ಬುಡದಲ್ಲಿ ಹೂಳಿದಳು. ವಾರ ತುಂಬುವುದರೊಳಗೆ, ಗದ್ದೆಯಿಂದ ಬಂದ ಭೈರಪ್ಪನನ್ನು ಸ್ವಂತ ಮಕ್ಕಳೇ ಗುರುತು ಹಿಡಿಯದೆ ಕಳ್ಳನೆಂದು ಹೊಡೆದಟ್ಟಿದರು. ಅವನು ಕೊಟ್ಟಿಗೆಯಲ್ಲಿ ಬಿದ್ದು ಸತ್ತ. ಅಲ್ಲಿಂದೀಚೆಗೆ ಆ ಮನೆಯಲ್ಲಿ ಹುಟ್ಟಿದವರೆಲ್ಲ ಅದನ್ನು ನಮ್ಮದೆನ್ನದೆ ಬಾಡಿಗೆಯವರಂತೆ ಬದುಕಿದರು.

ವಿಷ್ಣುಪ್ರಸಾದ ಗೃಹಪ್ರವೇಶದ ದಿನವೇ ಅದೇ ಕಂಬಕ್ಕೆ ಮೊಳೆ ಹೊಡೆದು ತನ್ನ ಹೆಸರಿನ ಬೋರ್ಡು ತಗುಲಿಸಿದ. ಬಂದ ನೆಂಟರಿಗೆಲ್ಲ ನನ್ನ ಮನೆ, ನನ್ನ ಮನೆ ಎಂದು ತೋರಿಸಿದ್ದೇ ತೋರಿಸಿದ್ದು.

ಮರುದಿನ ಸಂಜೆ ಅವನು ಕಾಲೇಜಿನಿಂದ ಬಂದಾಗ ಗದ್ದೆಯಲ್ಲಿ ಕಬ್ಬಿನ ಒಣಗರಿಯ ರವದಿ ಸುಡುತ್ತಿದ್ದರು. ಆ ಹೊಗೆಯೊಳಗೆ ಕೂದಲು ಕರಕಾದ ಕಮಟು ವಾಸನೆಯೂ ಇತ್ತು. ಸೋಗಾನೆ ಕಡೆ ಇಳಿಯುವ ವಿಮಾನದ ಸದ್ದು ಅಡಗಿದ ಮೇಲೆ ಒಂದು ಹುಳವೂ ಕೂಗಲಿಲ್ಲ. ಜಗಲಿಯಲ್ಲಿ ಹೊತ್ತಿಗೆ ಮುಂಚೆಯೇ ಕತ್ತಲೆ ತುಂಬಿತ್ತು. ಬಾಗಿಲು ಬಡಿದ. ಹೆಂಡತಿ ದೀಪಶ್ರೀ ಕಿಟಕಿಗೆ ಬಂದಳು.

“ಯಾರು ಬೇಕಾಗಿತ್ತು?”

“ತಮಾಷೆ ಸಾಕು ಮಾರಾಯ್ತಿ, ಬಾಗಿಲು ತೆಗಿ.”

ಅವಳ ಮುಖದಲ್ಲಿ ತಮಾಷೆ ಇರಲಿಲ್ಲ, ಹೆದರಿಕೆ ಇತ್ತು. ಅಪ್ಪ ಬಂದರೆ ಓಡಿಬಂದು ಕಾಲಿಗೆ ಸುತ್ತಿಕೊಳ್ಳುವ ಪುಟ್ಟ ಮಗಳು ಪ್ರಿಯಂವದಾ ಅಮ್ಮನ ಬೆನ್ನಿಗೆ ಅಡಗಿಕೊಂಡಳು.

“ಇದು ನನ್ನ ಮನೆ ಕಣೇ!”

ಅಂದದ್ದೇ ತಡ, ಕಮಟು ಮೂಗಿಗೆ ಅಡರಿತು. ಕೈಯಿಟ್ಟ ಕಂಬ ಸುಟ್ಟಿತು. ಒಳಗೆ ಮಗು ಕಿರುಚಿತು. ಕಿಟಕಿ ಮುಚ್ಚಿತು. ಆಗ ಅವನಿಗೆ ಅರ್ಥವಾಯಿತು. ಬೋರ್ಡು ಕಿತ್ತ. ಬೆರಳು ಹರಿದವು. ನೆಲಕ್ಕೆ ಬಡಿದ. ತುಳಿದ. “ನಂದಲ್ಲ! ಕೆಂಚಮ್ಮ ತಾಯೀ, ಮನೆ ನಿಂದು! ಹೆಂಡ್ತಿ ಮಗೂನ ಕೊಡು, ಸಾಕು!”

ಕಮಟು ಕಡಿಮೆಯಾಯಿತು. ಚಿಲಕ ಸರಿಯಿತು. ಬಾಗಿಲು ತೆರೆಯಿತು. ಅವನಿಗೆ ಅಳುವೇ ಬಂದುಬಿಟ್ಟಿತು. ದೀಪಶ್ರೀ ಒಂದು ಲೋಟ ನೀರು ಹಿಡಿದು ನಿಂತಿದ್ದಳು. ಅವಳ ಹೆದರಿಕೆ ಹೋಗಿತ್ತು.

“ಪಾಪ, ಮನೆ ತಪ್ಪಿ ಬಂದಿರ್ಬೇಕು. ನೀರು ಕುಡ್ಕೊಂಡು ಹೊರಡಿ.”

ಪ್ರಿಯಂವದಾ ಇಣುಕಿದಳು. “ನಿಮ್ಮನೆ ಎಲ್ಲಿ ಅಂಕಲ್?”

ಇದೇ ಎನ್ನಲು ಬಾಯಿ ತೆರೆದವನು ಹೆದರಿ ಮುಚ್ಚಿಕೊಂಡ.