ಬೇರೆ ಬಟ್ಟಲು

ಫೆಬ್ರವರಿ ಹನ್ನೊಂದು, ಬೆಳಿಗ್ಗೆ ಒಂಬತ್ತೂವರೆ. ಚಾಂಗ್‌ಪೊ ಬಂದರಿನ ಠಾಣೆಗೆ ಆರೋಗ್ಯ ಕೇಂದ್ರದ ನರ್ಸ್ ಬಾಂಗ್ ಮಿಸನ್ ಬಂದು ದೂರು ಕೊಟ್ಟಳು. ಹಿಂದಿನ ದಿನ ಊರಿನ ಹಿರಿಯರ ಕೂಟದ ಮನೆಯಲ್ಲಿ ಕ್ಷಯದ ತಪಾಸಣೆ ನಡೆದಿತ್ತು. ಎಕ್ಸ್‌ರೇಯಲ್ಲಿ ಅನುಮಾನ ಬಂದವರ ಕಫವನ್ನು ಅವಳು ಅಂದು ಬೆಳಿಗ್ಗೆ ಅಲ್ಲಿಯೇ ಪಡೆದು, ಆ ಡಬ್ಬಿಗಳ ಐಸ್ ಪೆಟ್ಟಿಗೆಯನ್ನು ವ್ಯಾನಿನಲ್ಲಿಟ್ಟು ಸಹಿ ಹಾಕಿಸಲು ಒಳಗೆ ಹೋಗಿದ್ದಳು. ಮರಳಿದಾಗ ಪೆಟ್ಟಿಗೆ ಇರಲಿಲ್ಲ.

"ಬೆಚ್ಚಗಾದ್ರೆ ಕೆಟ್ಟುಹೋಗುತ್ತೆ ಸಾರ್. ಶಿಶುವಿಹಾರದ ಅಡುಗೆಯವಳದ್ದೂ ಅದರಲ್ಲೇ ಇದೆ. ದಿನಾ ಮಕ್ಕಳನ್ನ ಎತ್ತಿಕೊಳ್ತಾಳೆ."

ಇನ್ಸ್‌ಪೆಕ್ಟರ್ ಪ್ಯೋ ಮುನ್‌ಗಿಲ್ ಎಫ್‌ಐಆರ್ ದಾಖಲಿಸಿ, ವ್ಯಾನಿನ ಬಳಿ ಪಂಚನಾಮೆ ಮಾಡಿದ. ಬಾಗಿಲಿಗೆ ಬೀಗವೇ ಹಾಕಿರಲಿಲ್ಲ. ಓಣಿಯಲ್ಲಿ ಹೊರಗಿನವರನ್ನು ಯಾರೂ ಕಂಡಿರಲಿಲ್ಲ.

ಮಧ್ಯಾಹ್ನ ಅವನು ಮತ್ತು ಕಾನ್‌ಸ್ಟೇಬಲ್ ಗುಕ್ ಕೂಟದ ಮನೆಯ ಎದುರಿನ ತಾಕ್ ಬುನ್‌ನಮ್ ಅಜ್ಜಿಯ ಅಂಗಡಿಗೆ ಊಟಕ್ಕೆ ಹೋದರು. ಅಲ್ಲಿ ಮೀನಿನ ಸಾರಿನ ಪಾತ್ರೆ ಮೇಜಿನ ನಡುವೆ ಕುದಿಯುತ್ತಿರುತ್ತದೆ. ಎಲ್ಲರ ಚಮಚವೂ ಅದಕ್ಕೇ. ಯಾರ ಮೇಜಿಗಾದರೂ ಬಂದು ಕೂತು ತನ್ನ ಚಮಚ ಅದ್ದುವುದು ಅಜ್ಜಿಯ ರೂಢಿ. ಪ್ಯೋ ಚಡ್ಡಿ ಹಾಕುತ್ತಿದ್ದ ಕಾಲದಿಂದಲೂ ಹಾಗೆಯೇ.

ಇಂದು ಅವಳು ಪಾತ್ರೆ ಇಟ್ಟು, ಬೇರೆ ಬಟ್ಟಲಿನಲ್ಲಿ ಬಡಿಸಿಕೊಂಡು, ಹಿಂಬಾಗಿಲ ಬಳಿ ಹೋಗಿ ಕೂತಳು. ಬಾಗಿಲು ತೆರೆದೇ ಇತ್ತು. ಚಳಿಗಾಳಿ ನುಗ್ಗುತ್ತಿತ್ತು.

"ನಮ್ಮ ಎಂಜಲು ಅಷ್ಟು ಹೇಸಿಗೆ ಆಯ್ತಾ ಅಜ್ಜಿ?" ಗುಕ್ ಕೆಣಕಿದ.

"ಹಲ್ಲುನೋವು ಕಣೋ. ಸುಮ್ನೆ ತಿನ್ನು, ಹೊಟ್ಟೆಬಾಕ."

ಪ್ಯೋ ಚಮಚ ಕೆಳಗಿಟ್ಟ.

"ನಿನ್ನೆ ಎಕ್ಸ್‌ರೇ ತೆಗೆಸಿದ್ರಾ ಅಜ್ಜಿ?"

"ಹೂಂ."

"ಬೆಳಿಗ್ಗೆ ಕಫ ಕೊಟ್ರಾ?"

ಅವಳು ತನ್ನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಪೆಟ್ಟಿಗೆ ಎಲ್ಲಿದೆ?"

"ಕಿಮ್ಚಿ ಫ್ರಿಜ್ಜಲ್ಲಿ. ಬೇರೆಯವರದ್ದು ಕೆಡಬಾರದಲ್ಲ ಮಗಾ. ಕತ್ತಲಾದ ಮೇಲೆ ಕೇಂದ್ರದ ಬಾಗಿಲಲ್ಲಿ ಇಟ್ಟುಬರೋಣ ಅಂತಿದ್ದೆ."

ಹುಳಿ ಬರಿಸಿದ ಕೋಸಿನ ಕಿಮ್ಚಿಯನ್ನೆಲ್ಲ ಹೊರಗೆ ತೆಗೆದು ಆ ಜಾಗದಲ್ಲಿ ಪೆಟ್ಟಿಗೆ ಇಟ್ಟಿದ್ದಳು. ತನ್ನ ಡಬ್ಬಿಯೊಂದನ್ನು ಮಾತ್ರ ಎಸೆದಿದ್ದಳು; ಉಳಿದವೆಲ್ಲ ತಣ್ಣಗಿದ್ದವು. ಒಂದೂಕಾಲಿಗೆ ಪ್ಯೋ ಅವಳನ್ನು ಬಂಧಿಸಿದ. ಪೆಟ್ಟಿಗೆ ಪ್ರಯೋಗಾಲಯಕ್ಕೆ ಹೊರಟಿತು.

ಠಾಣೆಯಲ್ಲಿ ಅವಳು ಹೇಳಿಕೆ ಕೊಟ್ಟಳು. ಅವಳು ಚಿಕ್ಕವಳಿದ್ದಾಗ ಅಕ್ಕನಿಗೆ ಇದೇ ರೋಗ ಬಂದಿತ್ತು. ಅಕ್ಕನನ್ನು ಹಿತ್ತಲ ಗುಡಿಸಲಿಗೆ ಹಾಕಿ, ಊಟವನ್ನು ಬೇರೆ ಬಟ್ಟಲಿನಲ್ಲಿ ಹೊಸ್ತಿಲಲ್ಲಿಡುತ್ತಿದ್ದರು. ಇಡುವ ಕೆಲಸ ಇವಳದು. ಒಂದು ದಿನ ಬಟ್ಟಲು ಇಟ್ಟಲ್ಲೇ ಇತ್ತು. ತನಗೂ ರೋಗ ಅಂತ ಊರಿಗೆ ಗೊತ್ತಾದರೆ ಅದೇ ಗತಿ ಎಂದು ಹೆದರಿದ್ದಳು. ಆದರೂ ಉಳಿದವರಿಗೆ ಹತ್ತದಿರಲೆಂದು ತನ್ನ ಬಟ್ಟಲನ್ನು ತಾನೇ ಬೇರೆ ಮಾಡಿಕೊಂಡಿದ್ದಳು.

ನರ್ಸ್ ಬಾಂಗ್ ಅವಳ ಪಕ್ಕದಲ್ಲಿ ಕೂತಳು. "ಇದು ಬಟ್ಟಲಿಂದ ಬರಲ್ಲ ಅಜ್ಜಿ, ಉಸಿರಿಂದ ಬರೋದು. ಬಾಗಿಲು ತೆಗೆದಿಟ್ಟಿರಲ್ಲ, ಅದೇ ಒಳ್ಳೇದಾಯ್ತು."

"ಹಾಗಾದ್ರೆ ಅಕ್ಕನ ಬಟ್ಟಲು?"

"ಬೇಕಿರಲಿಲ್ಲ."

ಅಜ್ಜಿ ಮತ್ತೆ ಕಫ ಕೊಡಲು ಹೊಸ ಡಬ್ಬಿ ಕೇಳಿ ಪಡೆದಳು.

ಅಡುಗೆಯವಳಿಗೆ ರೋಗವಿರುವುದು ಖಚಿತವಾಯಿತು. ಬೇಗ ಗೊತ್ತಾದ್ದರಿಂದ ಮಕ್ಕಳೆಲ್ಲರ ಪರೀಕ್ಷೆಯಾಯಿತು. ಯಾರಿಗೂ ರೋಗ ಅಂಟಿರಲಿಲ್ಲ. ಆಕೆ ಠಾಣೆಗೆ ಪತ್ರ ಬರೆದು, ಪೆಟ್ಟಿಗೆಯನ್ನು ತಣ್ಣಗಿಟ್ಟವರಿಗೆ ಕೃತಜ್ಞತೆ ತಿಳಿಸಿದ್ದಳು. ಪ್ಯೋ ಅದನ್ನೂ ಕಡತಕ್ಕೆ ಸೇರಿಸಿದ. ಸರ್ಕಾರಿ ವಕೀಲರು ಎಚ್ಚರಿಕೆ ಕೊಟ್ಟು ಮೊಕದ್ದಮೆ ಮುಗಿಸಿದರು.

ಅಜ್ಜಿಗೂ ರೋಗ ಖಚಿತವಾಗಿ, ಮಾತ್ರೆಗಳು ಇನ್ನೂ ನಡೆಯುತ್ತಿದ್ದವು. ಇನ್ನು ಯಾರಿಗೂ ಹತ್ತದು ಎಂದು ವೈದ್ಯರು ಹೇಳಿದ ಮೇಲೆ ಮುಚ್ಚಿದ್ದ ಅಂಗಡಿ ತೆರೆಯಿತು. ಅಂದು ಪ್ಯೋ ಒಬ್ಬನೇ ಹೋದ. ಅಜ್ಜಿ ಪಾತ್ರೆ ಇಟ್ಟು ಎದುರಿಗೆ ಕೂತಳು, ಚಮಚ ಹಿಡಿದು ತಡೆದಳು. ಅವನು ಪಾತ್ರೆಯನ್ನು ಅವಳ ಕಡೆಗೆ ಸರಿಸಿ, ಅವಳು ಅದ್ದುವವರೆಗೆ ಕಾದ.