ನಾಲ್ಕನೆಯ ಖಾನೆ

ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು. ಆಸ್ಪತ್ರೆಯ ಸರ್ವರ್ ಕೋಣೆ ನೋಡಿಕೊಳ್ಳುವವನು ನಾನು. ಕೆಲಸ ಕಲಿಸಿದ್ದು ನನ್ನ ಭಾವ. ದಿನಾ ಬೆಳಿಗ್ಗೆ ಅವರು, ಖಾನೆಗೊಂದರಂತೆ ಕೂತು ರೋಗಿಗಳ ದಾಖಲೆ ಕಾಯುವ ಎಂಟೂ ಡಿಸ್ಕುಗಳ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು.

"ಕೆಡೋ ಡಿಸ್ಕು ಮೊದಲು ಬಿಸಿಯಾಗುತ್ತೆ ಕಣೋ. ಕಂಪ್ಯೂಟರ್‌ಗಿಂತ ಮುಂಚೆ ಕೈಗೆ ಗೊತ್ತಾಗುತ್ತೆ."

ಒಂದು ದಿನ ಮೂರನೆಯದು ಕೆಟ್ಟಿತು. ಒಂದು ಹೋದರೆ ಉಳಿದವು ಹೇಗೋ ನಿಭಾಯಿಸುತ್ತವೆ; ಎರಡು ಹೋದರೆ ಎಲ್ಲವೂ ಹೋದಂತೆ. ಭಾವ ಗಡಿಬಿಡಿಯಲ್ಲಿ, ಕೆಟ್ಟದ್ದರ ಬದಲು ಚೆನ್ನಾಗಿದ್ದ ನಾಲ್ಕನೆಯದನ್ನು ಎಳೆದುಬಿಟ್ಟರು. ರೋಗಿಗಳ ದಾಖಲೆಯೆಲ್ಲ ಮಣ್ಣುಪಾಲಾಯಿತು. ತಿಂಗಳೊಳಗೆ ಭಾವನೂ ತೀರಿಕೊಂಡರು. ರೋಗಿಗಳ ಗುಟ್ಟು ಹೊರಹೋಗಬಾರದೆಂಬ ನಿಯಮದಂತೆ ಆ ನಾಲ್ಕನೆಯ ಡಿಸ್ಕನ್ನು ನಾನೇ ಸುತ್ತಿಗೆಯಿಂದ ಪುಡಿ ಮಾಡಿದೆ. ಮೂರನೆಯದರ ಜಾಗಕ್ಕೆ ಹೊಸದು ಹಾಕಿದೆ, ನಾಲ್ಕನೆಯ ಖಾನೆಯನ್ನು ಮಾತ್ರ ಖಾಲಿ ಬಿಟ್ಟೆ.

ಹೋದ ತಿಂಗಳು ಒಂದು ಮಧ್ಯಾಹ್ನ ಪರದೆಯ ಮೇಲೆ ನಾಲ್ಕನೆಯ ಖಾನೆ ಹಸಿರಾಯಿತು, ಅಲ್ಲೊಂದು ಡಿಸ್ಕು ಚೆನ್ನಾಗಿ ಕೆಲಸ ಮಾಡುತ್ತಿದೆ ಅನ್ನುವ ಹಾಗೆ. ಪುಡಿ ಮಾಡಿದ ಡಿಸ್ಕಿನದೇ ಸಂಖ್ಯೆ. ಖಾಲಿ ಖಾನೆಯೊಳಗೆ ಕೈ ಹಾಕಿದೆ. ಯಾರೋ ಈಗಷ್ಟೇ ಅಂಗೈ ತೆಗೆದ ಹಾಗೆ ಬೆಚ್ಚಗಿತ್ತು.

ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಸಾಕು ಅಂತ ಹೇಳೋ ಅವರಿಗೆ. ಮನೆಗೆ ಬರಲಿ."

ಖಾಲಿ ಖಾನೆಯ ಮುಂದೆ ನಿಂತು ಹೇಳಿದೆ ಕೂಡ.

ಅಂದಿನಿಂದ ಉಳಿದ ಏಳೂ ಡಿಸ್ಕುಗಳು ಒಂದೊಂದಾಗಿ ಬಿಸಿಯೇರಿ ಸಾಯುತ್ತಿವೆ. ಹೊಸದು ಹಾಕಿದರೆ ಅದಕ್ಕೂ ಮೂರೇ ದಿನ ಆಯುಸ್ಸು. ಇವತ್ತಿನ ವರದಿಯಲ್ಲೂ ಚೆನ್ನಾಗಿರುವುದು ಅಲ್ಲಿ ಇಲ್ಲದ ಆ ನಾಲ್ಕನೆಯದೊಂದೇ.