ಇಲಿನಾಯ್ ಕಾಲದ ದಿನಚರಿ

ಶುಕ್ರವಾರ ಬೆಳಿಗ್ಗೆ ಜಿಲ್ಫಾಳ ಪೆಟ್ಟಿಗೆಯಲ್ಲಿ ಎಲ್ಲವೂ ಇದ್ದವು—ದಿನಚರಿ ಒಂದನ್ನು ಬಿಟ್ಟು.

ಅಂಗೈಯಗಲದ ಪುಸ್ತಕ. ಆದರೆ ಹೋದರೆ ಹೋಗಲಿ ಎನ್ನುವಂತಿರಲಿಲ್ಲ. ಅಯೋವಾದಿಂದ ಬಂದಿದ್ದ ಅವಳ ಅಣ್ಣನ ಮಗ ಆಲ್ಫಿಯಸ್, ಇವರಂತೆ ಇಲಿನಾಯ್‌ನಿಂದ ಯೂಟಾಕ್ಕೆ ವಲಸೆ ಬಾರದೆ ಹಿಂದೆಯೇ ಉಳಿದ ಮಾರ್ಮನ್ ಕ್ರೈಸ್ತ ಪಂಗಡದವನು. ಒಬ್ಬನಿಗೆ ಹಲವು ಹೆಂಡತಿಯರೆಂಬ ಪದ್ಧತಿ ಯೂಟಾದಲ್ಲೇ ಹುಟ್ಟಿತು, ಪಂಥ ಕಟ್ಟಿದ ಪ್ರವಾದಿ ಜೋಸೆಫರ ಕಾಲದ ಇಲಿನಾಯ್‌ನಲ್ಲಿ ಇರಲೇ ಇಲ್ಲ ಎಂಬುದು ಅವರ ವಾದ. ತಾನು ಅಲ್ಲಿಯೇ ಅಸಾಹೆಲನಿಗೆ ಎರಡನೆಯ ಹೆಂಡತಿಯಾದೆ, ದಿನಚರಿ ತೋರಿಸುತ್ತೇನೆ ಎಂದು ಜಿಲ್ಫಾ ಬುಧವಾರ ಮಾತು ಕೊಟ್ಟಿದ್ದಳು. ತೋರಿಸದಿದ್ದರೆ ಅವಳು ಅಲ್ಲಿ ಯಾರ ಹೆಂಡತಿಯೂ ಆಗಿರಲಿಲ್ಲವೆಂದು ಅವನ ಪಂಗಡದ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು.

ಸೂಲಗಿತ್ತಿ ಡ್ರುಸಿಲ್ಲಾಳಿಗೆ ಕರೆ ಹೋಯಿತು. ಊರಿನ ಅರ್ಧ ಜನರ ಮೊದಲ ಅಳು ಕೇಳಿದವಳು, ಸುಳ್ಳುಗಳನ್ನಂತೂ ಎಲ್ಲರವನ್ನೂ.

"ಕೊನೇ ಸಲ ಯಾವಾಗ ನೋಡಿದೆ?"

"ನಿನ್ನೆ ಬೆಳಿಗ್ಗೆ. ಒಲೆಯಿಂದ ಬ್ರೆಡ್ ತೆಗೆದು, ಕೈ ಒರೆಸ್ಕೊಂಡು, ಪೆಟ್ಟಿಗೆ ನೋಡಿದೆ. ಇತ್ತು. ಆಮೇಲೆ ಪ್ರಾರ್ಥನೆ ಸಭೆಗೆ ಹೋದ್ವಿ."

"ಇವನು?"

"ನಾನ್ಯಾಕೆ ಹೋಗ್ಲಿ? ಮನೇಲೇ ಇದ್ದೆ," ಎಂದ ಆಲ್ಫಿಯಸ್. "ಪುಸ್ತಕ ಮುಟ್ಟಿಲ್ಲ ತಾಯಿ. ಅಡುಗೆಮನೆ ಮಾತ್ರ ತಡಕಿದೆ. ಹೊಟ್ಟೆ ಹಸೀತಿತ್ತು—ತಿನ್ನೋಕೆ ಒಂದು ಚೂರೂ ಇಲ್ಲ!"

"ನೀನಲ್ದೆ ಇನ್ಯಾರೋ ಕಳ್ಳ?" ಮೊದಲ ಹೆಂಡತಿ ಟ್ರೈಫೀನಾ ಕುರ್ಚಿಯಿಂದಲೇ ಗದರಿದಳು. "ಇವಳ ಕೈಯನ್ನ ಯಜಮಾನ್ರ ಕೈಲಿಟ್ಟೋಳು ನಾನು. ಜುಲೈ ತಿಂಗಳು. ನಾನು ಒಪ್ಪಿದ ಮೇಲೇ ಮದುವೆ. ಇನ್ನೇನು ಬೇಕು?"

"ಬರಹ ಬೇಕು, ದೊಡ್ಡತ್ತೆ," ಎಂದ ಆಲ್ಫಿಯಸ್. " ಸವತಿಯರ ಮಾತಲ್ಲ."

ಜುಲೈ ಎಂದಾಗ ಜಿಲ್ಫಾ ನೆಲ ನೋಡಿದ್ದಳು. ಡ್ರುಸಿಲ್ಲಾ ಅವಳನ್ನು ಅಡುಗೆಮನೆಗೆ ಕರೆದೊಯ್ದಳು.

"ಪುಸ್ತಕ ಕೊಡು."

"ಯಾವ—"

"ನಿನ್ನೆ ತಿಂಗಳ ಮೊದಲ ಗುರುವಾರ. ಊರಿಗೆ ಊರೇ ಉಪವಾಸ. ಯಾರ ಮನೇಲಿ ಒಲೆ ಹತ್ತಿತ್ತೇ? ನೀನು ಬ್ರೆಡ್ ಸುಟ್ಟಿದ್ರೆ ಆ ಹೊಟ್ಟೆಬಾಕ ಬಿಡ್ತಿದ್ನಾ? ಸುಳ್ಳು ಹೇಳಿ ಅಭ್ಯಾಸ ಇಲ್ಲದವರು ದಿನಾ ಮಾಡೋ ಕೆಲಸಾನೇ ಹೇಳಿಬಿಡ್ತಾರೆ. ಕಳ್ಳಿ ನೀನೇ."

ಜಿಲ್ಫಾ ರವಿಕೆಯೊಳಗಿಂದ ಪುಸ್ತಕ ತೆಗೆದಳು. ಅದರಲ್ಲಿ ಮದುವೆಯ ತಾರೀಖು—ಮೇ ಹನ್ನೆರಡು.

"ಅಕ್ಕನ್ನ ಕೇಳೋಕೆ ಮುಂಚೇನೇ ಆಗಿಹೋಗಿತ್ತು. ಜುಲೈದು ಬರೀ ಅವಳಿಗೋಸ್ಕರ ಎರಡನೇ ಸಲ. ಮಾತು ಕೊಟ್ಟ ಮೇಲೆ ತಾರೀಖು ನೆನಪಾಯ್ತು. ನನ್ನನ್ನ ಏನಾದ್ರೂ ಅಂದ್ಕೊಳ್ಳಲಿ. ಅಕ್ಕನಿಗೆ ಮಾತ್ರ ಈ ವಯಸ್ಸಲ್ಲಿ ಗೊತ್ತಾಗಬಾರದು."

"ಯಾವ ಅಕ್ಕನಿಗೆ?"

ಬಾಗಿಲಲ್ಲಿ ಟ್ರೈಫೀನಾ.

"ಆ ಮೇ ತಿಂಗಳಿಡೀ ಆ ಮನುಷ್ಯ ಹೇಳಿಸಿಕೊಳ್ಳದೆ ಸೌದೆ ಒಡೆದುಹಾಕ್ದ. ಗಂಡಸು ಸುಮ್ಸುಮ್ನೆ ಸೌದೆ ಒಡೀತಾನೇನೇ? ನಂಗೆ ಆಗ್ಲೇ ಗೊತ್ತಾಗಿತ್ತು. ಜುಲೈಲಿ ನಾನು ಒಪ್ಪಿದ್ದು ಅವನಿಗೋಸ್ಕರ ಅಲ್ಲ. ನೀನು ನನ್ನ ಕಣ್ಣು ತಪ್ಪಿಸಿ ತಪ್ಪಿಸಿ ಕಡ್ಡಿ ಆಗಿದ್ದೆ. ನೋಡೋಕಾಗ್ಲಿಲ್ಲ."

ಜಿಲ್ಫಾ ಪುಸ್ತಕವನ್ನು ಎದೆಗೆ ಅವುಚಿಕೊಂಡಳು.

ಟ್ರೈಫೀನಾ ಪುಸ್ತಕ ಕಿತ್ತುಕೊಂಡು ಹೋಗಿ ಆಲ್ಫಿಯಸ್‌ನ ತೊಡೆಯ ಮೇಲೆ ಎಸೆದಳು.

"ಓದೋ. ಮೇ ಹನ್ನೆರಡು. ಗಟ್ಟಿಯಾಗಿ ಓದು—ಪಕ್ಕದ ಮನೆಗೂ ಕೇಳ್ಲಿ."